ಆಸ್ಪ್ರೇ ಎಕ್ಸೋಸ್ 48: ಹಗುರವೇನೋ ಹೌದು, ಘಟ್ಟದ ಕಲ್ಲುಮುಳ್ಳಿಗೆ ತಡೆದೀತೆ?

ಐವತ್ತು ಲೀಟರ್ ಆಸುಪಾಸಿನ ಟ್ರೆಕ್ಕಿಂಗ್ ಬ್ಯಾಗುಗಳು ಖಾಲಿಯಿದ್ದಾಗಲೇ ಎರಡು ಕೆ.ಜಿ. ತೂಗುವುದುಂಟು. ಆಸ್ಪ್ರೇ ಕಂಪನಿಯ 48 ಲೀಟರಿನ ಬ್ಯಾಗು ಎಕ್ಸೋಸ್ 48ರ ತೂಕ ಸುಮಾರು 1.3 ಕೆ.ಜಿ. ಆ ಏಳುನೂರು ಗ್ರಾಂ ಎಲ್ಲಿ ಕರಗಿತು ಎಂದು ನೋಡಿಯೇ ದುಡ್ಡು ಬಿಚ್ಚಬೇಕು.

ಒಂದು ಪಾಲು ಕರಗಿದ್ದು ಬಟ್ಟೆಯಲ್ಲಿ. ಮೈಬಟ್ಟೆ 100 ಡೀನಿಯರ್ (ನೂಲಿನ ದಪ್ಪ ಹೇಳುವ ಅಳತೆ) ನೈಲಾನ್, ಅಂದರೆ ತೆಳು. ಕಾಲುದಾರಿಗೆ ಧಾರಾಳ ಸಾಕು. ಆದರೆ ಕುಮಾರಪರ್ವತದಂಥ ಕಡೆ, ಶೇಷಪರ್ವತದಾಚೆಯ ಬಂಡೆಗಳಲ್ಲಿ ಕೂತು ಜಾರುತ್ತ ಇಳಿದರೆ ತಳ ಉಜ್ಜಿ ಸವೆಯುತ್ತದೆ. ಅಲ್ಲಿ ಬ್ಯಾಗನ್ನು ಕೈಯಿಂದ ಕೈಗೆ ದಾಟಿಸಿ. ಅದಕ್ಕೂ ಮೊದಲು ಕೈಕೊಡುವುದು ಪಕ್ಕದ ಜಾಲರಿ ಜೇಬು. ಬಾಟಲಿಯಿಂದ ಉಬ್ಬಿರುವಾಗ ಲಂಟಾನದ ಮುಳ್ಳಿಗೆ ಒಂದೆಳೆ ಸಿಕ್ಕರೆ ಸಾಕು, ತೂತು ದೊಡ್ಡದಾಗುತ್ತಲೇ ಹೋಗುತ್ತದೆ. ಕಂಡ ದಿನವೇ ನೈಲಾನ್ ದಾರದಲ್ಲಿ ಹೊಲಿದುಬಿಡಿ.

ಬಾಗಿದ ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದ ಬೆನ್ನಿನ ಜಾಲರಿಯಲ್ಲಿ ಗಾಳಿ ಆಡುತ್ತದೆ, ನಮ್ಮ ಸೆಕೆಗೆ ಹೇಳಿಮಾಡಿಸಿದ್ದು. ಆದರೆ ಅದರಿಂದಲೇ ಹೊರೆ ಬೆನ್ನಿನಿಂದ ದೂರ ಸರಿದು, ಕೈಯೂರಿ ಹತ್ತುವಾಗ ಹಿಂದಕ್ಕೆ ಜಗ್ಗುತ್ತದೆ. ನೀರು, ಅಡುಗೆ ಸಾಮಾನು ಬೆನ್ನಿಗೆ ಒತ್ತಿ, ಬೆನ್ನಿನ ಮಧ್ಯಭಾಗದ ಮಟ್ಟದಲ್ಲಿರಲಿ. ಸ್ಲೀಪಿಂಗ್ ಬ್ಯಾಗ್ ತಳಕ್ಕೆ. ಹೊರೆ 13 ಕೆ.ಜಿ. ದಾಟುವುದಾದರೆ ಇದರ ಆಸೆ ಬಿಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾದರಿ ವರ್ಷ ಕೇಳಿ. 2018ರದ್ದರಲ್ಲಿ ಸೊಂಟಪಟ್ಟಿಗೆ ಜೇಬಿಲ್ಲ. 2022ರದ್ದರಲ್ಲಿ ಜೇಬು ಮರಳಿದೆ, ಬೆನ್ನಳತೆಯನ್ನೂ ಹೊಂದಿಸಬಹುದು. ಅಳತೆಗೆ ದರ್ಜಿಯ ಟೇಪು ಸಾಕು: ಕತ್ತು ಬಗ್ಗಿಸಿದಾಗ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಗಳ ಮೇಲಂಚಿನ ಮಟ್ಟದವರೆಗೆ. ಅಂಗಡಿಯಲ್ಲಿ ಹತ್ತು ಕೆ.ಜಿ. ತುಂಬಿಸಿ, ಸೊಂಟಪಟ್ಟಿ ಮೊದಲು ಬಿಗಿದು, ಆಮೇಲೆ ಭುಜದ ಪಟ್ಟಿ ಎಳೆದು, ಕಾಲು ಗಂಟೆಯಾದರೂ ನಡೆದಾಡಿ ನೋಡಿ.

ಮಳೆಗಾಲದಲ್ಲಿ ರೇನ್ ಕವರ್ ನೆಚ್ಚಬೇಡಿ. ಮುಳ್ಳಿಗೆ ಹರಿಯುತ್ತದೆ, ಬೆನ್ನ ಕಡೆಯಿಂದ ನೀರು ಇಳಿಯುತ್ತದೆ. ಬ್ಯಾಗಿನೊಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಸುರುಳಿ ಸುತ್ತಿ. (ಮಲೆನಾಡಿನ ಗದ್ದೆ ಕೆಲಸದವರ ಪ್ಲಾಸ್ಟಿಕ್ ಕೊಪ್ಪೆ ಆಳನ್ನೂ ಬ್ಯಾಗನ್ನೂ ಒಟ್ಟಿಗೇ ಮುಚ್ಚುತ್ತದೆ, ಗಾಳಿಯಿಲ್ಲದಿದ್ದರೆ.) ಮನೆಗೆ ಬಂದು ಒದ್ದೆ ಬ್ಯಾಗನ್ನು ಅಟ್ಟಕ್ಕೆ ಎಸೆದರೆ ಯಾವ ಬ್ಯಾಗಾದರೂ ಕೆಡುತ್ತದೆ: ತೇವಕ್ಕೆ ಒಳಗಿನ ಪಾಲಿಯುರೆಥೇನ್ ಲೇಪ ಅಂಟಂಟಾಗಿ, ನಾತ ಹೊಡೆದು, ಸಿಪ್ಪೆ ಏಳುತ್ತದೆ. ಒಮ್ಮೆ ಎದ್ದರೆ ರಿಪೇರಿ ಕಷ್ಟ. ವಾಷಿಂಗ್ ಮಷಿನ್ನಿಗೆ ಹಾಕದೆ ಕೈಯಲ್ಲಿ ತೊಳೆದು, ಜಿಪ್ಪುಗಳನ್ನೆಲ್ಲ ತೆರೆದು, ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ.