ಏಳನೇ ತೂತಿಗೆ ಕೂರಿಸಿದ ಕೀ

ನನ್ನ ಕಿರುಬೆರಳು ಗಿಡ್ಡ. 32 ಇಂಚಿನ ಬಾನ್ಸುರಿಯ (ಹಿಂದುಸ್ತಾನಿ ಬಿದಿರು ಕೊಳಲಿನ) ಏಳನೇ ತೂತು ಅದಕ್ಕೆ ಎಟಕುವುದೇ ಇಲ್ಲ. ಮೇಲಿನ ಆರೂ ತೂತು ಮುಚ್ಚಿದರೆ ಮಂದ್ರದ, ಅಂದರೆ ಕೆಳಗಿನ ಸ್ಥಾಯಿಯ ಪ, ಏಳನೆಯದೂ ಮುಚ್ಚಿದರೆ ತೀವ್ರ ಮ. ಬಾನ್ಸುರಿ ವಾದಕ ಪನ್ನಾಲಾಲ್ ಘೋಷರು ಈ ತೂತು ತಂದದ್ದೇ ಆ ಸ್ವರಕ್ಕಾಗಿ. ಆ ಸ್ವರ ಬರುವ ಯಮನ್ ರಾಗ ನುಡಿಸುವಾಗ ನಾನು ಪ್ರತಿ ಸಲ ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ಮೊದಲು ಬೇರೆ ಒಂದು ಅಂಗಡಿಯಲ್ಲಿ ಕೀ, ಅಂದರೆ ಎಟಕದ ತೂತನ್ನು ಒತ್ತಿ ಮುಚ್ಚುವ ಲೋಹದ ಸನ್ನೆ, ಹಾಕಿಸಿದ್ದೆ. ಕ್ಲಾರಿನೆಟ್‌ಗೆ ಮಾಡುವ ಹಾಗೆ ಕೀ ಹಿಡಿದಿಡುವ ಕಂಬಗಳನ್ನು ನೇರ ಬಿದಿರಿಗೇ ಸ್ಕ್ರೂ ಮಾಡಿಬಿಟ್ಟರು. ಕ್ಲಾರಿನೆಟ್ಟಿನದು ದಪ್ಪ, ಗಟ್ಟಿ ಮರ, ತಡೆದುಕೊಳ್ಳುತ್ತದೆ. ಬಿದಿರು ತೆಳು, ಅದರ ನಾರು ಉದ್ದಕ್ಕೇ ಓಡುತ್ತದೆ. ಎರಡೇ ವಾರಕ್ಕೆ ಸೀಳಿತು. ಹನ್ನೊಂದು ವರ್ಷ ಜೊತೆಗಿದ್ದ ಕೊಳಲು. ಆ ದಿನ ನನಗೆ ಊಟ ಸೇರಲಿಲ್ಲ.

ಈ ಸಲ ಹೊಸ ಕೊಳಲು ಹಿಡಿದು ಮುಂಬೈಯ ದಾದರ್‌ನ ವಾದ್ಯ ರಿಪೇರಿ ಮಾಡುವ ಕಾಕಾ ಹತ್ತಿರ ಹೋದೆ. ಹಳೇ ವಠಾರ, ಬೋರ್ಡಿಲ್ಲದ ಕೋಣೆ. ಮಾಟುಂಗಾದ ಗೆಳತಿ ಕರೆದುಕೊಂಡು ಹೋಗಿದ್ದಳು. ಕಾಕಾ ಕೊಳಲು ಆಮೇಲೆ ನೋಡಿದರು, ಮೊದಲು ನನ್ನ ಕೈ ನೋಡಿದರು. ಕೊಳಲು ಹಿಡಿಸಿ, ಕಿರುಬೆರಳು ತಾನಾಗಿ ಬೀಳುವ ಕಡೆ ಪೆನ್ಸಿಲ್ ಗುರುತು ಹಾಕಿದರು. "ಇಲ್ಲಿ ನೋವಿಲ್ಲ ತಾನೇ ಬೇಟಾ?" ಅಂತ ಎರಡು ಸಲ ಕೇಳಿದರು.

ಬಿದಿರಿಗೆ ಒಂದೂ ಸ್ಕ್ರೂ ಹೊಡೆಯಲಿಲ್ಲ. ಹಿತ್ತಾಳೆ ತಗಡನ್ನು ಕೊಳಲಿನ ದುಂಡಿಗೆ ಬಗ್ಗಿಸಿ, ಅದರ ಮೇಲೆ ಕಂಬಗಳನ್ನು ಬೆಸೆದು, ಆ ತಗಡನ್ನು ದಾರದಿಂದ ಬಿಗಿಯಾಗಿ ಸುತ್ತಿ ಕಟ್ಟಿದರು. ಕೀ ಜರ್ಮನ್ ಸಿಲ್ವರ್‌ನದು. ಅದರಲ್ಲಿ ಬೆಳ್ಳಿ ಇರುವುದಿಲ್ಲ. ತಾಮ್ರ, ನಿಕ್ಕಲ್, ಸತು ಅಷ್ಟೇ. ಉಕ್ಕಿನ ಸ್ಪ್ರಿಂಗ್ ಮುಂಬೈ ಗಾಳಿಗೆ ತುಕ್ಕು ಹಿಡಿಯುತ್ತದೆ ಅಂತ ಫಾಸ್ಫರ್ ಬ್ರಾಂಜ್ ಹಾಕಿದರು.

ತೂತು ಮುಚ್ಚುವ ಪ್ಯಾಡನ್ನು ಕೀಗೆ ಕೂರಿಸಿದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ದುಂಡು ಬಿದಿರಿನ ಮೇಲೆ ಚಪ್ಪಟೆ ಪ್ಯಾಡ್ ಕೂರುವುದಿಲ್ಲ, ಅಲ್ವಾ? ತೂತಿನ ಸುತ್ತ ಉಗುರಗಲ ಜಾಗ ಅರದಿಂದ ಮಟ್ಟ ಮಾಡಿದರು. ಸಿಗರೇಟ್ ಕಾಗದದ ಸಣ್ಣ ಪಟ್ಟಿಯನ್ನು ಪ್ಯಾಡಿನಡಿ ಇಟ್ಟು, ಕೀ ಒತ್ತಿ, ಮೆಲ್ಲಗೆ ಎಳೆದರು. ಮೂರು ಕಡೆ ಕಾಗದ ಕಚ್ಚಿಕೊಂಡಿತು, ಒಂದು ಕಡೆ ಜಾರಿ ಬಂತು. ಪ್ಯಾಡಿನ ಹಿಂದಿನ ಅರಗು ಬಿಸಿ ಮಾಡಿ, ಚೂರು ಓರೆ ಮಾಡಿ, ಮತ್ತೆ ಎಳೆದರು. ಹೀಗೇ ಮುಕ್ಕಾಲು ಗಂಟೆ. ಅಷ್ಟು ಸಣ್ಣ ಸಂದಿ ಸಾಕು, ಕೆಳಗಿನ ಸ್ವರ ಸತ್ತೇ ಹೋಗುತ್ತದೆ.

ಮೊದಲು ಊದಿದಾಗ ಪ ಮಂಕಾಗಿ, ಸ್ವಲ್ಪ ಇಳಿದು ಕೇಳಿಸಿತು. ಬೆರಳು ಬಿಟ್ಟಾಗ ಕೀ ಸಾಕಷ್ಟು ಮೇಲೇಳುತ್ತಿರಲಿಲ್ಲ. ಕೀಯ ಬಾಲದಡಿಯ ಕಾರ್ಕನ್ನು ಬ್ಲೇಡಿನಿಂದ ಒಂದು ಪದರ ಕೆತ್ತಿದರು. ಪ ಬಿಚ್ಚಿಕೊಂಡಿತು.

ಒಂದು ಕೊರತೆ ಹೇಳಲೇಬೇಕು. ಬೆರಳು ಸರಿಸಿ ತೆಗೆಯುವ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಕೀಯಲ್ಲಿ ಅಷ್ಟು ನಯವಾಗಿ ಬರುವುದಿಲ್ಲ. ಮ ದಿಂದ ಪ ಕ್ಕೆ ಜಾರುವುದೇ ನಿಮಗೆ ಮುಖ್ಯವಾದರೆ, ಬೆರಳು ಎಟಕುತ್ತಿದ್ದರೆ, ಸುಮ್ನೆ ಕೀ ಹಾಕಿಸಬೇಡಿ. ನನ್ನಂಥ ಕೈಯವರು ಖಂಡಿತ ಹಾಕಿಸಿ.

2,200 ರೂಪಾಯಿ, ಒಂಬತ್ತು ದಿನ. ಮಳೆಗಾಲ ಪೂರ್ತಿ ಕಳೆಯಿತು, ದಾರ ಸಡಿಲಾಗಿಲ್ಲ, ಬಿದಿರು ಸೀಳಿಲ್ಲ. ಕೊಳಲನ್ನು ಬೇರೆಯವರ ಕೈಲಿ ಕಳಿಸಬೇಡಿ, ನೀವೇ ಹೋಗಿ. ಕಾಕಾಗೆ ನಿಮ್ಮ ಬೆರಳು ಬೇಕು.