ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ಎಂ1 ಮ್ಯಾಕ್‌ಬುಕ್ ಏರ್: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್ ಇವೆ. ಒಂದು, 2017ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಪಾರ್ಟ್ಸ್ ತಂದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, ಇಂಟೆಲ್ 7ನೇ ಜನರೇಶನ್ ಐ5. ಇನ್ನೊಂದು 2021ರಲ್ಲಿ ಕೊಂಡ 8 ಜಿಬಿ ರ‍್ಯಾಮಿನ ಎಂ1 ಮ್ಯಾಕ್‌ಬುಕ್ ಏರ್. ಎಂ1 ಅಂದರೆ ಆಪಲ್‌ನದೇ ಚಿಪ್. ನಾವು ಇರುವುದು ಮಲೆನಾಡಿನಲ್ಲಿ. ಎರಡೂ ಇವತ್ತಿಗೂ ದಿನಾ ಕೆಲಸ ಮಾಡುತ್ತಿವೆ. ಆದರೂ ಯಾವುದು ಜಾಸ್ತಿ ಬಾಳುತ್ತೆ ಅಂತ ಕೇಳಿದರೆ ಡೆಸ್ಕ್‌ಟಾಪ್ ಅಂತಲೇ ಹೇಳುತ್ತೇನೆ. ಅದು ಕೆಡುವುದಿಲ್ಲ ಅಂತಲ್ಲ, ಕೆಟ್ಟಿದ್ದನ್ನಷ್ಟೇ ಬದಲಾಯಿಸಬಹುದು.

ಒಂದು ಗುಡುಗು ಮಳೆಯಲ್ಲಿ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ) ಸುಟ್ಟಿತು. ಊರಿನ ಅಂಗಡಿಯಲ್ಲೇ ಹೊಸದು ಸಿಕ್ಕಿತು, ಸಂಜೆಯೊಳಗೆ ಮತ್ತೆ ಶುರು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ ಮೇಲಂತೂ ಹೊಸ ಮೆಷಿನ್ ತಂದ ಹಾಗಾಯಿತು, ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ವ್ಯತ್ಯಾಸ ಬೇರೆ ಯಾವುದರಿಂದಲೂ ಬರಲಿಲ್ಲ. ಆನ್ ಮಾಡಿದಾಗಲೆಲ್ಲ ತಾರೀಖು ತಪ್ಪು ತೋರಿಸಿದರೆ ಗಾಬರಿ ಬೇಡ, ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ ಮುಗಿದಿರುತ್ತೆ, ಅಷ್ಟೇ. ನಮ್ಮ ಕಡೆಯ ತೇವಕ್ಕೆ ಮಳೆಗಾಲದಲ್ಲಿ ಕೆಲವೊಮ್ಮೆ ಬೀಪ್ ಶಬ್ದ ಬಂದು ಸ್ಕ್ರೀನ್ ಬರುವುದೇ ಇಲ್ಲ. ಆಗ ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತೆ. ಧೂಳು ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಇದರ ಜೊತೆ ಯುಪಿಎಸ್ ಬ್ಯಾಟರಿ ಖರ್ಚು ಇದ್ದೇ ಇದೆ, ಎರಡು ಮೂರು ವರ್ಷಕ್ಕೆ ಅದು ಸೋಲುತ್ತೆ.

ಮ್ಯಾಕ್‌ಬುಕ್‌ಗೆ ಇದ್ಯಾವುದೂ ಬೇಕಿಲ್ಲ. ಫ್ಯಾನೇ ಇಲ್ಲ, ಧೂಳಿನ ತಲೆನೋವಿಲ್ಲ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಬ್ಯಾಟರಿಗೆ ಆಪಲ್ ಹೇಳುವ ಮಿತಿ 1000 ಸೈಕಲ್ (ಪೂರ್ತಿ ಬ್ಯಾಟರಿಯಷ್ಟು ಚಾರ್ಜ್ ಖರ್ಚಾದರೆ ಒಂದು ಸೈಕಲ್), ಮನೆ ಬಳಕೆಗೆ ಧಾರಾಳ ಆಯಿತು. ಆದರೆ ರ‍್ಯಾಮ್ ಎಂ1 ಚಿಪ್ ಜೊತೆಗೇ ಸೇರಿಕೊಂಡಿದೆ, ಎಸ್‌ಎಸ್‌ಡಿ ಬೋರ್ಡ್‌ಗೆ ಬೆಸುಗೆ. 8 ಜಿಬಿ ಕೊಂಡರೆ ಕೊನೆತನಕ 8 ಜಿಬಿಯೇ. ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿ ಬೋರ್ಡ್ ಹೋದರೆ ಫೋಟೋ, ಫೈಲ್ ಎಲ್ಲ ಅದರ ಜೊತೆಗೇ. ಹಾಗಾಗಿ ಮ್ಯಾಕ್ ಇದ್ದವರು ಹೊರಗಿನ ಡಿಸ್ಕ್‌ಗೆ ಟೈಮ್ ಮಷೀನ್ (ಮ್ಯಾಕ್‌ನಲ್ಲೇ ಇರುವ ಬ್ಯಾಕಪ್ ಸಾಫ್ಟ್‌ವೇರ್) ಬ್ಯಾಕಪ್ ಇಟ್ಟುಕೊಳ್ಳಲೇಬೇಕು, ಇದರಲ್ಲಿ ರಾಜಿ ಬೇಡ.

ಇನ್ನು ಸಾಫ್ಟ್‌ವೇರ್. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು, ನಮ್ಮ ಐ5 ಅದರಲ್ಲಿಲ್ಲ. ಚೆನ್ನಾಗಿ ಓಡುವ ಮೆಷಿನ್ ಗುಜರಿಗೆ ಹಾಕೋದಾ? ಮನಸ್ಸು ಒಪ್ಪಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆವು. ಅಪ್ಪನಿಗೆ ನುಡಿ ಕೀಲಿಮಣೆಯೇ ಅಭ್ಯಾಸ, ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್‌ನಲ್ಲಿ ನುಡಿಯದೇ ಆದ ಕೆಜಿಪಿ ಲೇಔಟ್ ಆರಿಸಿಕೊಟ್ಟ ಮೇಲೆ ಅವರ ಬೆರಳಿಗೆ ಏನೂ ಬದಲಾದಂತೆ ಅನಿಸಲಿಲ್ಲ. ಹಳೆಯ ನುಡಿ ಫಾಂಟಿನ ಫೈಲ್‌ಗಳನ್ನು ಮಾತ್ರ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕಾಯಿತು.

ಎಂ1ಗೆ 2025ರ ಮ್ಯಾಕ್‌ಓಎಸ್ ಟಾಹೋ ಕೂಡ ಸಿಕ್ಕಿದೆ. ಇಂಟೆಲ್ ಪ್ರೊಸೆಸರ್ ಇರುವ ಹಳೆಯ ಮ್ಯಾಕ್‌ಗಳಿಗೆ ಅದೇ ಕೊನೆಯ ಆವೃತ್ತಿ, ಅದೂ ಆಯ್ದ ಕೆಲವು ಮಾಡೆಲ್‌ಗಳಿಗೆ ಮಾತ್ರ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಮ್ಯಾಕ್ ನೋಡುತ್ತಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಇಂಟೆಲ್‌ನದು ಬೇಡ.