ವಿಂಡೋಸ್, ಲಿನಕ್ಸ್ ಎರಡಕ್ಕೂ ಒಂದೇ ಗೇಮ್ ಡ್ರೈವ್ ಇಡಬೇಡಿ

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆಗೆ ಲಿನಕ್ಸ್ ಹಾಕಿ, ಯಾವುದರಲ್ಲಿ ಗೇಮ್ ಚೆನ್ನಾಗಿ ಓಡುತ್ತದೆ ನೋಡೋಣ ಅಂತ ಹೊರಟಿದ್ದೀರಾ? ಹಾಗಾದರೆ ದಯವಿಟ್ಟು ಎರಡಕ್ಕೂ ಸೇರಿಸಿ ಒಂದೇ ಗೇಮ್ ಡ್ರೈವ್ ಇಟ್ಟುಕೊಳ್ಳಬೇಡಿ. ನಾನು ಇಟ್ಟುಕೊಂಡಿದ್ದೆ. ತಿಂಗಳುಗಟ್ಟಲೆ ಆಡಿದ್ದ ಗೇಮ್‌ನ ಸೇವ್ ಫೈಲ್‌ಗಳೆಲ್ಲ ಹೋದವು, ಮತ್ತೆ ಸಿಗಲಿಲ್ಲ.

ಒಂದೇ ಡ್ರೈವ್ ಸಾಕು ಅಂತ ಯಾರಿಗಾದರೂ ಅನಿಸುತ್ತದೆ. ಈಗಿನ ದೊಡ್ಡ ಗೇಮ್‌ಗಳು 100 ಜಿಬಿ ದಾಟುತ್ತವೆ. ಎಸ್‌ಎಸ್‌ಡಿಯಲ್ಲಿ ಅಷ್ಟು ಜಾಗ ಎರಡು ಸಲ ಎಲ್ಲಿಂದ ತರೋದು, ಅಲ್ವಾ? ಗೇಮ್ ಆಗಲೇ ವಿಂಡೋಸ್‌ನ ಎನ್‌ಟಿಎಫ್‌ಎಸ್ (ಫೈಲ್‌ಗಳನ್ನು ಜೋಡಿಸಿಡುವ ವಿಂಡೋಸ್ ಪದ್ಧತಿ) ಪಾರ್ಟಿಷನ್‌ನಲ್ಲಿ, ಅಂದರೆ ಡಿಸ್ಕ್‌ನ ಒಂದು ಭಾಗದಲ್ಲಿ ಇತ್ತು. ಲಿನಕ್ಸ್‌ನಲ್ಲಿ ಅದನ್ನೇ ಮೌಂಟ್ ಮಾಡಿ (ಬಳಸಲು ಜೋಡಿಸಿ), ಗೇಮ್ ಕೊಂಡು ಆಡುವ ಆ್ಯಪ್ ಆದ ಸ್ಟೀಮ್‌ಗೆ ತೋರಿಸಿದೆ. ಸ್ಟೀಮ್ ಏನೂ ತಕರಾರು ತೆಗೆಯಲಿಲ್ಲ. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಕೂಡ ಕೆಲಸ ಮಾಡಿತು. ಎಲ್ಲ ಸರಿಯಾಗಿದೆ ಅಂತ ಎಷ್ಟೋ ದಿನ ಅನಿಸುತ್ತಲೇ ಇರುತ್ತದೆ. ಅಪಾಯ ಇರೋದು ಅಲ್ಲೇ.

ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನುವ ಲೆಕ್ಕ) ವಿಷಯ ಮೊದಲು ಹೇಳಿಬಿಡುತ್ತೇನೆ. ಅದರಲ್ಲೂ ಜನ ದಾರಿ ತಪ್ಪುತ್ತಾರೆ. ವಿಂಡೋಸ್‌ನಲ್ಲಿ 70ರ ಆಸುಪಾಸು ಇದ್ದ ಗೇಮ್ ಲಿನಕ್ಸ್‌ನಲ್ಲಿ 20 ದಾಟಲಿಲ್ಲ. ಟರ್ಮಿನಲ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ (ಎನ್‌ವಿಡಿಯಾ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್‌ನ ಸ್ಥಿತಿ ತೋರಿಸುವ ಕಮಾಂಡ್) ಅಂತ ಕೊಟ್ಟರೆ, ಡ್ರೈವರ್ ಜೊತೆ ಮಾತಾಡಲು ಆಗುತ್ತಿಲ್ಲ ಅನ್ನುವ ಉತ್ತರ ಬಂತು. ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ, ಡಿಜಿಟಲ್ ಸಹಿ ಇಲ್ಲದ ಡ್ರೈವರ್ ಲೋಡ್ ಆಗುವುದಿಲ್ಲ. ಹಾಗಾಗಿ ದೊಡ್ಡ ಜಿಪಿಯು ಸುಮ್ನೆ ಕೂತಿತ್ತು, ಪ್ರೊಸೆಸರ್ ಒಳಗಿನ ಸಣ್ಣ ಜಿಪಿಯು ಇಡೀ ಗೇಮ್ ಎಳೆಯುತ್ತಿತ್ತು. ಇದನ್ನು ನೋಡಿ ಲಿನಕ್ಸ್ ನಿಧಾನ ಅಂತ ತೀರ್ಮಾನಿಸಿದರೆ ಅದು ಹೋಲಿಕೆಯೇ ಅಲ್ಲ. ಇನ್ನೊಂದು ಮಾತು, ಇದಕ್ಕೆ ಸೆಕ್ಯೂರ್ ಬೂಟ್ ಆಫ್ ಮಾಡಿ ಅಂತ ಥಟ್ಟನೆ ಸಲಹೆ ಕೊಡುವವರು ಜಾಸ್ತಿ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ, ಆಫ್ ಮಾಡಿದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಡೇಟಾ ಕೈಗೆ ಸಿಗುವುದಿಲ್ಲ. ಡ್ರೈವರ್‌ಗೆ ಸಹಿ ಹಾಕಿಸಿ, ಆ ಸಹಿಯ ಕೀಯನ್ನು ಬೂಟ್ ಸಮಯದಲ್ಲಿ ಎಂಒಕೆ (ನಾವೇ ನಂಬುವ ಕೀಗಳನ್ನು ಸೇರಿಸುವ) ಪರದೆಯಲ್ಲಿ ಸೇರಿಸುವುದೇ ಒಳ್ಳೆಯ ದಾರಿ.

ಡ್ರೈವರ್ ಬಂದ ಮೇಲೂ ಎಫ್‌ಪಿಎಸ್ 60ರ ಕೆಳಗೇ ಇತ್ತು. ಈ ಸಲ ಕಾರಣ ವ್ಯಾಟ್. ಲ್ಯಾಪ್‌ಟಾಪ್ ಜಿಪಿಯುಗಳಲ್ಲಿ ಹೆಸರು ಒಂದೇ ಇದ್ದರೂ ಸಿಗುವ ಪವರ್ ಬೇರೆ ಬೇರೆ. ಆರ್‌ಟಿಎಕ್ಸ್ 3060ರ ಲ್ಯಾಪ್‌ಟಾಪ್ ಚಿಪ್ 60 ವ್ಯಾಟ್‌ನಿಂದ 115 ವ್ಯಾಟ್‌ವರೆಗೂ ಇದೆ. ಜೊತೆಗೆ ಡೈನಾಮಿಕ್ ಬೂಸ್ಟ್ ಅಂತ ಒಂದಿದೆ. ಪ್ರೊಸೆಸರ್‌ಗೆ ಕೆಲಸ ಕಡಿಮೆ ಇದ್ದಾಗ ಅದರ ಪಾಲಿನ ಪವರ್ ಜಿಪಿಯುಗೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಇದು ನಡೆಯಲು ಎನ್‌ವಿಡಿಯಾ-ಪವರ್‌ಡಿ ಅನ್ನುವ ಸರ್ವಿಸ್ ಓಡುತ್ತಿರಬೇಕು. ನನ್ನದರಲ್ಲಿ ಓಡುತ್ತಿರಲಿಲ್ಲ. ಅದನ್ನು ಶುರು ಮಾಡಿ, ಪವರ್ ಪ್ರೊಫೈಲ್ ಅನ್ನು ಪರ್ಫಾರ್ಮೆನ್ಸ್‌ಗೆ ಹಾಕಿದ ಮೇಲೆ ಎರಡೂ ಕಡೆ ಹೆಚ್ಚುಕಡಿಮೆ ಸಮ ಬಂತು. ಡೆಸ್ಕ್‌ಟಾಪ್‌ನಲ್ಲಿ ಮಾಡಿದ ಹೋಲಿಕೆ ವಿಡಿಯೊಗಳಲ್ಲಿ ಈ ಯಾವ ತಾಪತ್ರಯವೂ ಕಾಣುವುದಿಲ್ಲ, ಅವನ್ನು ನೋಡಿ ಲ್ಯಾಪ್‌ಟಾಪ್ ಬಗ್ಗೆ ನಿರ್ಧಾರ ಮಾಡಬೇಡಿ.

ಇಷ್ಟೆಲ್ಲ ಸರಿಹೋಗಿ, ಲಿನಕ್ಸ್‌ನಲ್ಲೇ ಖುಷಿಯಾಗಿ ಆಡುತ್ತಿದ್ದಾಗ ಒಂದು ದಿನ ಗೇಮ್ ತೆರೆಯಲೇ ಇಲ್ಲ. ಡ್ರೈವ್ ರೀಡ್-ಓನ್ಲಿ ಆಗಿತ್ತು, ಅಂದರೆ ಓದಬಹುದು, ಬರೆಯಲು ಆಗುವುದಿಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ಹೈಬರ್ನೇಟ್ ಆಗಿ ನಿಲ್ಲುತ್ತದೆ. ಅಂಥ ಪಾರ್ಟಿಷನ್ ಮೇಲೆ ಬರೆಯಬಾರದು ಅಂತ ಲಿನಕ್ಸ್ ತಡೆಯುತ್ತದೆ. ಹುಡುಕಿದರೆ ಎಲ್ಲ ಕಡೆ ಸಿಗುವ ಪರಿಹಾರ ಒಂದೇ: ಫೋರ್ಸ್ ಆಯ್ಕೆ ಕೊಟ್ಟು ಮೌಂಟ್ ಮಾಡಿ. ಮಾಡಿದೆ, ಆಡಿದೆ. ಆಮೇಲೆ ವಿಂಡೋಸ್‌ಗೆ ಬೂಟ್ ಮಾಡಿದಾಗ ಕಪ್ಪು ಪರದೆ ಮೇಲೆ ಡಿಸ್ಕ್ ಚೆಕ್ ತಾನಾಗಿ ಶುರುವಾಯಿತು. ಮುಗಿದ ಮೇಲೆ ಡ್ರೈವ್ ತೆರೆದರೆ ಅರ್ಧ ಫೋಲ್ಡರ್‌ಗಳೇ ಇಲ್ಲ. ಫೌಂಡ್.000 ಅಂತ ಹೊಸ ಫೋಲ್ಡರ್ ಇತ್ತು. ಅದರ ತುಂಬಾ ಫೈಲ್0000.ಸಿಎಚ್‌ಕೆ, ಫೈಲ್0001.ಸಿಎಚ್‌ಕೆ ಅಂತ ಸಾಲು ಸಾಲು ಚೂರುಗಳು. ಯಾವುದು ಯಾವುದರದ್ದು ಅಂತ ಗೊತ್ತಾಗುವ ಹಾಗೇ ಇರಲಿಲ್ಲ.

ಗೇಮ್ ಹೋದರೆ ಮತ್ತೆ ಡೌನ್‌ಲೋಡ್ ಮಾಡಬಹುದು. ಸೇವ್ ಹೋದದ್ದು ಯಾಕೆ ಗೊತ್ತಾ? ಪ್ರೋಟಾನ್ ಪ್ರತಿ ಗೇಮ್‌ಗೂ ಒಂದು ನಕಲಿ ಸಿ ಡ್ರೈವ್ ಕಟ್ಟುತ್ತದೆ. ಅದು ಗೇಮ್ ಇರುವ ಡ್ರೈವ್‌ನಲ್ಲೇ, ಕಂಪ್ಯಾಟ್‌ಡೇಟಾ ಅನ್ನುವ ಫೋಲ್ಡರ್‌ನಲ್ಲಿ ಇರುತ್ತದೆ. ಲಿನಕ್ಸ್‌ನಲ್ಲಿ ಆಡಿದ ಸೇವ್‌ಗಳು ಸಾಮಾನ್ಯವಾಗಿ ಅದರೊಳಗೇ ಬೀಳುತ್ತವೆ. ಅಲ್ಲಿ ಹೆಸರಿನಲ್ಲೇ ಕೋಲನ್ (:) ಇರುವ ಕೊಂಡಿಗಳಿವೆ, ವಿಂಡೋಸ್ ಫೈಲ್ ಹೆಸರಿನಲ್ಲಿ ಕೋಲನ್ ಬರುವಂತಿಲ್ಲ. ಡಿಸ್ಕ್ ಚೆಕ್ ಕಣ್ಣಿಗೆ ಅದು ಕೆಟ್ಟ ಫೈಲ್. ನಾನು ಆಡುತ್ತಿದ್ದ ಗೇಮ್‌ಗೆ ಸೇವ್‌ಗಳನ್ನು ಆನ್‌ಲೈನ್‌ನಲ್ಲೂ ಇಡುವ ಕ್ಲೌಡ್ ಸೇವ್ ಇರಲಿಲ್ಲ.

ಆದ್ದರಿಂದ ಲಿನಕ್ಸ್‌ನಲ್ಲಿ ಆಡುವ ಗೇಮ್‌ಗಳಿಗೆ ಲಿನಕ್ಸ್‌ನದೇ ಪದ್ಧತಿಯಾದ ಎಕ್ಸ್‌ಟಿ4 ಪಾರ್ಟಿಷನ್ ಬೇರೆಯೇ ಮಾಡಿ, ಒಂದೋ ಎರಡೋ ಗೇಮ್ ಹಿಡಿದರೂ ಸಾಕು. ಜಾಗವೇ ಇಲ್ಲ ಅಂದರೆ ಕಂಪ್ಯಾಟ್‌ಡೇಟಾ ಫೋಲ್ಡರ್ ಅನ್ನಾದರೂ ಲಿನಕ್ಸ್ ಪಾರ್ಟಿಷನ್‌ಗೆ ಸಾಗಿಸಿ, ಹಳೇ ಜಾಗದಲ್ಲಿ ಸಿಮ್‌ಲಿಂಕ್ (ಹೊಸ ಜಾಗ ತೋರಿಸುವ ಕೊಂಡಿ) ಇಡಿ. ಸೇವ್‌ಗಳ ಕಾಪಿ ಪೆನ್‌ಡ್ರೈವ್‌ನಲ್ಲೂ ಇರಲಿ. ವ್ಯಾಲರಂಟ್ ಥರದ ಗೇಮ್ ಆಡುವವರು ವಿಂಡೋಸ್ ತೆಗೆಯಲೇಬೇಡಿ, ಅದರ ಆ್ಯಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್) ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಕೂಡ 2024ರ ಅಕ್ಟೋಬರ್ ಕೊನೆಯಲ್ಲಿ ಲಿನಕ್ಸ್‌ನಲ್ಲಿ ನಿಂತುಹೋಯಿತು.

ನಿಮ್ಮ ಡ್ರೈವ್ ಈಗಾಗಲೇ ರೀಡ್-ಓನ್ಲಿ ಆಗಿ ಕೂತಿದ್ದರೆ ಫೋರ್ಸ್ ಮಾಡಲು ಹೋಗಬೇಡಿ. ರೀಡ್-ಓನ್ಲಿ ಇದ್ದರೂ ಓದಲು ಆಗುತ್ತದೆ, ಮೊದಲು ಸೇವ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ. ಆಮೇಲೆ ವಿಂಡೋಸ್‌ಗೆ ಹೋಗಿ, ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಆಗ ಅದು ಪೂರ್ತಿ ಮುಚ್ಚಿಕೊಳ್ಳುತ್ತದೆ.